ಹೆಸರು ಕೇಳದೆ ಹೋದವನು

ಮಲ್ಲಂದೂರಿನ ಕಾಫಿ ಪ್ಲಾಂಟರ್ ಶಾಂತವೀರಪ್ಪನ ಹೆಂಡತಿ ವಿಮಲಮ್ಮ ತನ್ನ ನಲವತ್ತೆರಡನೇ ವಯಸ್ಸಿನಲ್ಲಿ ಒಂದು ಕ್ಯಾಸೆಟ್ ಹೊರಗೆ ತಂದಳು. ಅದರಲ್ಲಿ ಇದ್ದದ್ದು ಒಂದೇ ಹಾಡು. ಊರವರಿಗೆ ಮೊದಲು ತಲೆ ಕೆಟ್ಟದ್ದು ಅದಕ್ಕೆ. ಎರಡು ಮಗ್ಗುಲಿಗೂ ಸೇರಿ ಹತ್ತು ಹಾಡು ತುಂಬಿಸಿ ಕೊಡುವ ಕಾಲದಲ್ಲಿ, ಒಂದು ಕಡೆ ಒಂದು ಹಾಡು, ಮಗುಚಿ ಹಾಕಿದರೆ ಅದೇ ಹಾಡಿನ ಬರೀ ವಾದ್ಯ ಅಂದರೆ ಇದೇನು ಹುಡುಗಾಟವೇ? ವಿಮಲಮ್ಮನ ಅಣ್ಣನ ಮಗ ದರ್ಶನ್ ಚಿಕ್ಕಮಗಳೂರಿನಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡು ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಕ್ಯಾಸೆಟ್ಟಿನ ಸಂಗೀತವೂ ಅವನದೇ, ಓಡಾಟವೂ ಅವನದೇ. ಕೇಳಿದವರಿಗೆಲ್ಲ ತಾಳ್ಮೆಯಿಂದ ವಿವರಿಸುತ್ತಿದ್ದ.

"ಇದಕ್ಕೆ ಸಿಂಗಲ್ ಅಂತಾರೆ. ಪಾಪ್ ಹಾಡಲ್ಲಿ ಹೀಗೇ. ಮೊದ್ಲು ಒಂದು ಬಿಡೋದು, ಜನಕ್ಕೆ ಹಿಡಿಸಿದ್ರೆ ಆಮೇಲೆ ಪೂರ್ತಿ ಆಲ್ಬಮ್."

"ಹಾಗಾದ್ರೆ ಉಳಿದ ಟೇಪು ಸುಮ್ನೆ ಸುತ್ತೋದಾ?" ಎಂದು ಕೇಳಿದ್ದು ಎಸ್ಟೇಟಿನ ರೈಟರ್ ಏಕಾಂತಪ್ಪ. ಆಳುಗಳ ಹಾಜರಿ ಬರೆದೂ ಬರೆದೂ ಯಾವುದೂ ಪೋಲಾಗುವುದನ್ನು ನೋಡಲಾರದ ಮನುಷ್ಯ ಅವನು.

ವಿಮಲಮ್ಮನಿಗೆ ಇವರ ಯಾರ ಮಾತೂ ತಾಗಲಿಲ್ಲ. ಹತ್ತು ಹಾಡು ಅವಳಿಗೆ ಬೇಕಾಗಿರಲೇ ಇಲ್ಲ. ಜನಕ್ಕೆ ಹಿಡಿಸಬೇಕು ಎನ್ನುವುದೂ ದರ್ಶನ್‌ನ ಆಸೆ, ಅವಳದಲ್ಲ. ಅವಳಿಗೆ ಬೇಕಾಗಿದ್ದದ್ದು ಒಬ್ಬನೇ ಒಬ್ಬ ಕೇಳುಗ, ಅವನು ಅವಳ ಜೊತೆ ಇಪ್ಪತ್ತೆರಡು ವರ್ಷದಿಂದ ಒಂದೇ ಮನೆಯಲ್ಲಿ ಇದ್ದ.

ಶಾಂತವೀರಪ್ಪ ಕೆಟ್ಟವನಲ್ಲ. ಕುಡಿದು ಬಂದವನಲ್ಲ, ಕೈ ಎತ್ತಿದವನಲ್ಲ, ಹೆಂಡತಿ ಕೇಳಿದ ಸೀರೆಗೆ ಬೇಡ ಎಂದವನೂ ಅಲ್ಲ. ಕಿವಿಯೂ ಭಾರಿ ಚುರುಕು. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಬೆಲ್ಟು ಸಡಿಲವಾದರೆ ಇವನು ಇಲ್ಲಿ ಕೂತು ಹೇಳುತ್ತಿದ್ದ. ಆದರೆ ಅಷ್ಟು ಚುರುಕಿನ ಕಿವಿಗೆ ಹೆಂಡತಿಯ ದನಿ ಮಾತ್ರ ಬಿದ್ದಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಾಗ, "ಯಾರದು ರೇಡಿಯೋ ಹಾಕಿರೋದು? ಸ್ವಲ್ಪ ಸಣ್ಣ ಮಾಡಿ" ಎಂದು ಜಗಲಿಯಿಂದ ಕೂಗಿದ್ದ. ವಿಮಲಮ್ಮ ಸಣ್ಣ ಮಾಡಿದಳು. ಮಾಡಿದವಳು ಮತ್ತೆ ದೊಡ್ಡದು ಮಾಡಲಿಲ್ಲ. ತಪ್ಪು ಯಾರದೆಂದು ಕೇಳಿದರೆ ಅರ್ಧ ಅವಳದೂ ಹೌದು.

ಹಾಡು ಕಟ್ಟಿದ್ದೂ ಅವಳೇ, ಅವನ ಮೇಲೇ. ೧೯೭೯ರಲ್ಲಿ ಶಾಂತವೀರಪ್ಪ ಹೆಣ್ಣು ನೋಡಲು ಗೋಣಿಬೀಡಿಗೆ ಬಂದ ದಿನ ತೋಟವೆಲ್ಲ ಹೂ ಬಿಟ್ಟಿತ್ತು. ಅರಳಿದ ಹೂವಿನ ಮೇಲೆ ಮಳೆ ಬೀಳಬಾರದು, ಬಿದ್ದರೆ ಕಾಯಿ ಕಚ್ಚುವುದಿಲ್ಲ. ಆ ದಿನವೇ ಬಿತ್ತು. ಗಂಡು ಕಾರಿನಿಂದ ಜಗಲಿಗೆ ಓಡಿ ಬರುವಷ್ಟರಲ್ಲಿ ತೋಳು ನೆಂದಿತ್ತು. ಉಪ್ಪಿಟ್ಟು, ಕಾಫಿ ಆದ ಮೇಲೆ ಹಿರಿಯರು ವಾಡಿಕೆಯಂತೆ, "ಹುಡುಗಿಗೆ ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದರು. ಎಲ್ಲ ಗಂಡುಗಳೂ ಕೇಳುವುದು ಒಂದೇ, ಹೆಸರು. ಗೊತ್ತಿದ್ದರೂ ಕೇಳಬೇಕು, ಅವಳ ಬಾಯಲ್ಲಿ ಹೇಳಿಸಬೇಕು, ಅದೇ ಶಾಸ್ತ್ರ. ವಿಮಲಮ್ಮ ಬೆಳಗಿನಿಂದ ತನ್ನ ಹೆಸರನ್ನು ಹತ್ತಾರು ಸಲ ಹೇಳಿಕೊಂಡು ತಯಾರಾಗಿದ್ದಳು. ಅವನು ತಲೆ ಎತ್ತಿ ಹೂವಿನ ಮೇಲೆ ಸುರಿಯುವ ಮಳೆಯನ್ನು ನೋಡಿ, "ಸ್ವಲ್ಪ ನೀರು ಕೊಡಿ" ಎಂದ. ಕುಡಿದು ಲೋಟ ವಾಪಸ್ಸು ಕೊಟ್ಟ. ಆ ನೆಂದ ತೋಳು, ಆ ಚಿಂತೆಯ ಮುಖ ಕಂಡು ಅವಳಿಗೆ ಕರುಳು ಚುರ್ ಎಂದಿತು. ಅಲ್ಲಿಗೇ ಅವಳು ಅವನವಳಾದಳು. ಪ್ರೀತಿ ಅನ್ನುವುದು ಇಂಥ ಕ್ಷುಲ್ಲಕ ಕಾರಣಕ್ಕೆ ಹುಟ್ಟಿ ಇಷ್ಟು ವರ್ಷ ಬಾಳುತ್ತದೆ ಎಂದರೆ ಸಿಟ್ಟೇ ಬರುತ್ತದೆ.

ಕಾಫಿ ಹೂವು ಬೆಳ್ಳಗಾದ ದಿನ ನೀ ಬಂದೆ,
ನೆಂದ ತೋಳು ಒರೆಸದೆ ಜಗಲಿಯಲಿ ನಿಂದೆ,
ನೀರು ಕೇಳಿ ಕುಡಿದು, ಲೋಟ ಕೈಗೆ ಕೊಟ್ಟು,
ಹೆಸರು ಕೇಳದೆ ಹೋದೆ.

ಇದು ಹಾಡಿನ ಪಲ್ಲವಿ. ಮೊದಲ ಸಾಲಿಗೆ ಅವನು ತಲೆ ಎತ್ತುತ್ತಾನೆ, ಎರಡನೆಯದಕ್ಕೆ ನೆನಪಾಗುತ್ತದೆ, ನಾಲ್ಕನೆಯದಕ್ಕೆ ತನ್ನ ಕಡೆ ತಿರುಗಿ ನೋಡುತ್ತಾನೆ ಎಂದು ವಿಮಲಮ್ಮ ಲೆಕ್ಕ ಹಾಕಿದ್ದಳು. ಅದಕ್ಕೇ ಹಾಡು ಯಾರ ಮೇಲೆಂದು ದರ್ಶನ್‌ಗೂ ಹೇಳಿರಲಿಲ್ಲ. ಮೊದಲು ಗೊತ್ತಾಗಬೇಕಾದವನಿಗೆ ಗೊತ್ತಾಗಲಿ ಎಂದು.

ಬಿಡುಗಡೆ ಇಟ್ಟುಕೊಂಡದ್ದು ೨೦೦೧ರ ಮಾರ್ಚ್ ಹದಿನೇಳು, ಶನಿವಾರ ಸಂಜೆ ನಾಲ್ಕಕ್ಕೆ, ಚಿಕ್ಕಮಗಳೂರಿನ ಒಂದು ಸಭಾಂಗಣದಲ್ಲಿ. ಡಿಸೆಂಬರ್‌ನಿಂದ ಒಂದು ಹನಿ ಮಳೆ ಇರಲಿಲ್ಲ. ಮೊಗ್ಗು ಅರಳಿಸುವ ಹೂಮಳೆ ಬಾರದೆ ಗಿಡದ ಮೊಗ್ಗು ಬೆಂಕಿಕಡ್ಡಿಯ ಹಾಗೆ ಒಣಗಿ ನಿಂತಿತ್ತು. ಬಂದ ಪ್ಲಾಂಟರುಗಳೆಲ್ಲ ಒಳಗೆ ಕೂತರೂ ಕಣ್ಣು ಕಿಟಕಿಯ ಆಚೆಯ ಮೋಡದ ಮೇಲಿತ್ತು. ಶಾಂತವೀರಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಒಂದು ಭಾಷಣ ಆಯಿತು, ಎರಡಾಯಿತು. ಬಣ್ಣದ ಕಾಗದ ಬಿಚ್ಚಿ ಕ್ಯಾಸೆಟ್ ಎತ್ತಿ ತೋರಿಸಿದರು, ಚಪ್ಪಾಳೆ ಬಿತ್ತು. ಕೊನೆಗೆ ವಿಮಲಮ್ಮ ಮೈಕಿನ ಮುಂದೆ ಬಂದಳು. ದರ್ಶನ್ ಕೀಬೋರ್ಡಿನಲ್ಲಿ ಶುರು ಮಾಡಿದ.

"ಕಾಫಿ ಹೂವು ಬೆಳ್ಳಗಾದ ದಿನ..."

ಮೇಲಿನ ಶೀಟಿನ ಮೇಲೆ ಟಪ ಟಪ ಎಂದಿತು. ಸಭೆ ಅಷ್ಟೂ ಒಂದೇ ಸಲ ತಲೆ ಎತ್ತಿತು, ಚಾವಣಿಯ ಕಡೆಗೆ. ಎರಡನೇ ಸಾಲಿಗೆ ಹಿಂದಿನವರು ಎದ್ದರು, ಮೂರನೆಯದಕ್ಕೆ ನಡುವಿನವರು. ಮಳೆ ತಮ್ಮ ತೋಟದಲ್ಲೂ ಬಿತ್ತೇ, ಬಿದ್ದರೆ ಇಂಚಿಗೆ ನೂರರ ಲೆಕ್ಕದಲ್ಲಿ ಎಷ್ಟು ಸೆಂಟ್ಸ್, ಇದನ್ನು ತಿಳಿಯದೆ ಕೂರಲು ಸಾಧ್ಯವಿರುವ ಪ್ಲಾಂಟರ್ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹೆಸರು ಕೇಳದೆ ಹೋದೆ ಎನ್ನುವ ಸಾಲು ಅವಳ ಬಾಯಿಗೆ ಬರುವಾಗ ಶಾಂತವೀರಪ್ಪನ ಬಿಳಿ ಶರಟಿನ ಬೆನ್ನು ಬಾಗಿಲು ದಾಟುತ್ತಿತ್ತು. ಹೊರಗೆ ಒಂದರ ಹಿಂದೆ ಒಂದು ಜೀಪು ಸ್ಟಾರ್ಟ್ ಆದವು. ಪಕ್ಕದ ಎಸ್‌ಟಿಡಿ ಬೂತಿನಿಂದ "ವಸ್ತಾರೆ ಕಡೆ ಹೇಗೆ? ಹೌದಾ? ಅರವತ್ತಾ?" ಎನ್ನುವ ಕೂಗು ಹಾಡಿನ ಎರಡನೇ ಚರಣದೊಳಗೆ ತೂರಿ ಬಂತು. ವಿಮಲಮ್ಮ ನಿಲ್ಲಿಸಲಿಲ್ಲ. ಗಂಡಂದಿರು ವಾಹನ ಒಯ್ದದ್ದರಿಂದ ಅಲ್ಲೇ ಸಿಕ್ಕಿಬಿದ್ದ ಹೆಂಗಸರಿಗೆ ಪೂರ್ತಿ ಹಾಡು ಹಾಡಿ ಮುಗಿಸಿದಳು. ಅವಮಾನವಾಯಿತೇ ಎಂದರೆ ಆಯಿತು, ಆದರೆ ಅತ್ತದ್ದು ದರ್ಶನ್‌ನ ಮಾರುತಿ ವ್ಯಾನು ಹತ್ತಿದ ಮೇಲೆ.

ಮನೆಗೆ ಬಂದರೆ ಶಾಂತವೀರಪ್ಪ ಅಂಗಳದ ಮಳೆಮಾಪಕದ ಹತ್ತಿರ ನಿಂತು ನಗುತ್ತಿದ್ದ. ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ.

"ಎಪ್ಪತ್ತೆರಡು ಸೆಂಟ್ಸ್ ಕಣೇ! ನಿನ್ನ ಕ್ಯಾಸೆಟ್ ಕಾಲ್ಗುಣ ಒಳ್ಳೇದು."

"ಹಾಡು?" ಎಂದಳು ವಿಮಲಮ್ಮ.

"ಕೇಳಿದ್ರಾಯ್ತು ಬಿಡು, ಅದೆಲ್ಲಿ ಹೋಗುತ್ತೆ? ಮಳೆ ಹಾಗಲ್ಲ."

ಹಾಡು ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೆಲ್ಲ ಹೋಯಿತು. ಹತ್ತು ದಿನ ಕಳೆದು ತೋಟಗಳು ಹೂ ಬಿಟ್ಟವು. ಮೂಡಿಗೆರೆಯಿಂದ ಗೋಣಿಬೀಡಿಗೆ ಹೋಗುವ ಬಸ್ಸಿನ ಡ್ರೈವರ್ ಆ ಒಂದೇ ಹಾಡನ್ನು ದಾರಿಯುದ್ದಕ್ಕೂ ಹಿಂದೆ ಸುತ್ತಿ ಸುತ್ತಿ ಹಾಕಿದ. ಕೇಬಲ್ ಟಿವಿಯವರು ಹೂವಿನ ಚಿತ್ರ ಜೋಡಿಸಿ ತೋರಿಸಿದರು. ಆಳುಗಳ ಲೈನ್ ಮನೆಯಿಂದ ಬರುವ ಮನೆಗೆಲಸದ ಮುತ್ತಮ್ಮ, "ಲೈನ್ ಮನೇಲೆಲ್ಲ ನಿಮ್ದೇ ಹಾಡು ಅಮ್ಮಾವ್ರೇ, ಮಕ್ಳು ಮಲಗ್ಬೇಕಾದ್ರೂ ಅದೇ ಬೇಕಂತೆ" ಎಂದಳು. ವಿಮಲಮ್ಮನಿಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು. ಆದರೆ ಮನೆಯ ಟೇಪ್‌ರೆಕಾರ್ಡರಿನ ಪಕ್ಕ ಅವಳು ಇಟ್ಟಿದ್ದ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ಏಪ್ರಿಲ್‌ನಲ್ಲಿ ವಸ್ತಾರೆಯ ಕೃಷ್ಣಮ್ಮನ ಮೊಮ್ಮಗನ ನಾಮಕರಣಕ್ಕೆ ಹೋದಾಗ ಅವಳಿಗೆ ಹಾಡಿನ ನಿಜವಾದ ಗತಿ ಗೊತ್ತಾಯಿತು. ಕೃಷ್ಣಮ್ಮನ ಗಂಡನೂ ಪ್ಲಾಂಟರ್, ಶಾಂತವೀರಪ್ಪನ ಜೊತೆ ಕ್ಲಬ್ಬಿನಲ್ಲಿ ಇಸ್ಪೀಟು ಆಡುವವನು. ಊಟವಾಗಿ ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಕೃಷ್ಣಮ್ಮ ಹತ್ತಿರ ಸರಿದು ಕೇಳಿದಳು.

"ಈಗಾದ್ರೂ ಹೇಳ್ರೀ ವಿಮಲಮ್ಮ. ಯಾರು ಅವ್ರು?"

"ಯಾರು?"

"ನೀರು ಕೇಳಿದೋರು! ನಾವೆಲ್ಲ ಕೂತು ಯೋಚ್ನೆ ಮಾಡಿದ್ದೀವಿ. ದನದ ಡಾಕ್ಟ್ರು ಅಂತ ಒಬ್ರು, ಕಾಲೇಜಲ್ಲಿ ಯಾರೋ ಇದ್ರು ಅಂತ ಇನ್ನೊಬ್ರು."

"ಗಂಡನ ಮೇಲೂ ಇರ್ಬಹುದಲ್ಲ" ಎಂದಳು ವಿಮಲಮ್ಮ, ಆದಷ್ಟು ಹಗುರವಾಗಿ.

ಕೃಷ್ಣಮ್ಮ ನಕ್ಕ ನಗೆಗೆ ಬಾಯಲ್ಲಿದ್ದ ಎಲೆ ಅಡಿಕೆ ಸೀರೆಗೆ ಬಿತ್ತು. "ಗಂಡನ ಮೇಲೆ ಯಾರಾದ್ರೂ ಹಾಡು ಕಟ್ತಾರಾ ಮಾರಾಯ್ತಿ! ಅದೂ ಶಾಂತವೀರಪ್ಪನವ್ರ ಮೇಲೆ!" ಸುತ್ತ ಕೂತವರೂ ನಕ್ಕರು. ಕೆಟ್ಟ ನಗೆಯಲ್ಲ ಅದು, ಪರಿಚಯದವರ ನಗೆ. ಅದಕ್ಕೇ ಇನ್ನೂ ಉರಿಯಿತು. ಆಗಲೇ ಅವಳು ಗಟ್ಟಿಯಾಗಿ, ಹೌದು, ನನ್ನ ಗಂಡನ ಮೇಲೇ ಎಂದುಬಿಡಬೇಕಿತ್ತು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನಿಗೆ ಮೊದಲು ತಿಳಿಯಲಿ ಎನ್ನುವ ಹಟ ಒಂದಿತ್ತಲ್ಲ, ಅದು ನಾಲಿಗೆ ಕಟ್ಟಿತು. ಈ ವಯಸ್ಸಿನಲ್ಲಿ ಹುಡುಗಿಯರ ಹಟ ಹಿಡಿದರೆ ಆಗುವುದು ಹೀಗೇ.

ಮೇ ತಿಂಗಳ ಮೊದಲ ವಾರ ದರ್ಶನ್ ವ್ಯಾನು ನಿಲ್ಲಿಸಿದವನೇ ಅಂಗಳದಿಂದಲೇ ಕೂಗಿಕೊಂಡು ಬಂದ.

"ಅತ್ತೇ, ಖಾಲಿ! ಪೂರ್ತಿ ಖಾಲಿ! ಇಡೀ ತಿಂಗಳು ನಿಧಾನಕ್ಕೆ ಹೋಗ್ತಿತ್ತು, ಈ ಒಂದು ವಾರದಲ್ಲಿ ಏನಾಯ್ತೋ ಗೊತ್ತಿಲ್ಲ. ಕಳಸದಲ್ಲಿ ಒಂದೂ ಇಲ್ಲ, ಮೂಡಿಗೆರೇಲಿ ಒಂದೂ ಇಲ್ಲ. ಗೋಣಿಬೀಡಲ್ಲಿ ಆ ಸಣ್ಣ ಅಂಗಡೀಲಿ ಸಹ ಮುಗಿದಿದೆ. ಮತ್ತೆ ಎರಡು ಸಾವಿರ ಹಾಕೋಕೆ ಹೇಳಿದ್ದೀನಿ. ಬೆಂಗಳೂರಿನೋರು ಆಲ್ಬಮ್ ಕೇಳ್ತಿದ್ದಾರೆ!"

ವಿಮಲಮ್ಮ ಅವನ ಕೈ ಹಿಡಿದುಕೊಂಡಳು. ಒಂದು ಗಳಿಗೆ ಅವಳಿಗೆ ಗಂಡ, ಲೋಟ, ಹೆಸರು ಎಲ್ಲ ಮರೆತೇ ಹೋಯಿತು. ಇಷ್ಟೊಂದು ಜನ ತನ್ನ ದನಿಯನ್ನು ಮನೆಗೆ ಒಯ್ದಿದ್ದಾರೆ! ಕೇಸರಿಬಾತು ಮಾಡಿ ಲೈನ್ ಮನೆಗಳಿಗೂ ಕಳಿಸಿದಳು. ಶಾಂತವೀರಪ್ಪನೂ ಒಂದು ತಟ್ಟೆ ತಿಂದ, ಏನೂ ಮಾತಾಡಲಿಲ್ಲ. ಅವನು ಮಾತಾಡದೆ ಇರುವುದು ಹೊಸದಲ್ಲವಾದ್ದರಿಂದ ಅವಳು ಗಮನಿಸಲೂ ಇಲ್ಲ.

ಮಾರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಮುತ್ತಮ್ಮ ಪೊರಕೆ ಹಿಡಿದುಕೊಂಡೇ ಒಳಗೆ ಬಂದಳು. "ಅಮ್ಮಾವ್ರೇ, ಕಾಫಿ ಸ್ಟೋರಲ್ಲಿ ಎಂಥದೋ ಮೂಟೆ ಇದಾವೆ. ಗುಡಿಸೋಕೆ ಸರಿಸಿದ್ರೆ ಗಡಗಡ ಅಂತಾವೆ. ಕಾಫಿ ಅಲ್ಲ."

ಸ್ಟೋರಿನ ಮೂಲೆಯಲ್ಲಿ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಹಿಂದೆ, ಬಾಯಿ ಹೊಲಿದ ಆರು ಗೋಣಿಚೀಲ ಇದ್ದವು. ವಿಮಲಮ್ಮ ಒಂದರ ದಾರ ಕಿತ್ತಳು. ಒಳಗಿನಿಂದ ಅವಳದೇ ಮುಖ ನೋಡುತ್ತಿತ್ತು. ಹಸಿರು ರೇಷ್ಮೆ ಸೀರೆ, ಹಿಂದೆ ಕಾಫಿ ಹೂವಿನ ಗೊಂಚಲು, ಕೆಳಗೆ ದರ್ಶನ್ ಬರೆಸಿದ ಓರೆ ಅಕ್ಷರ. ಒಂದರ ಮೇಲೆ ಒಂದು, ನೂರಾರು.

ಅವಳಿಗೆ ಮೊದಲು ಅನಿಸಿದ್ದನ್ನು ಹೇಳಲು ಸಂಕಟವಾಗುತ್ತದೆ. ಗಂಡ ಹೆಮ್ಮೆಯಿಂದ ಕೊಂಡಿದ್ದಾನೆ, ನೆಂಟರಿಗೆಲ್ಲ ಹಂಚಲು ಕೊಂಡು ತನಗೆ ಹೇಳದೆ ಬಚ್ಚಿಟ್ಟಿದ್ದಾನೆ ಎಂದುಕೊಂಡಳು. ಹಾಗೆಂದುಕೊಂಡು ನಕ್ಕಳು ಕೂಡ. ಅಷ್ಟರಲ್ಲಿ ರೈಟರ್ ಏಕಾಂತಪ್ಪ ಬಾಗಿಲಲ್ಲಿ ಬಂದು ನಿಂತ. ಅವನ ಮುಖ ನೋಡಿಯೇ ಅವಳ ನಗು ನಿಂತಿತು.

"ನಂದೇನೂ ಇಲ್ಲ ಅಮ್ಮಾವ್ರೇ. ಯಜಮಾನ್ರು ಒಂದು ವಾರ ಜೀಪು ಕೊಟ್ಟು ಕಳಿಸಿದ್ರು. ಯಾವ ಅಂಗಡೀಲೂ ಒಂದೂ ಬಿಡ್ಬೇಡಿ, ಕೇಳಿದ್ರೆ ಮದುವೇಲಿ ಹಂಚೋಕೆ ಅನ್ನಿ ಅಂದ್ರು. ಬಸ್ಸಿನ ಡ್ರೈವರ್ ಹತ್ರ ಇದ್ದಿದ್ದನ್ನೂ ಇಸ್ಕೊಂಡು ಬಂದೆ."

"ಯಾಕಂತೆ?"

ಏಕಾಂತಪ್ಪ ನೆಲ ನೋಡಿದ. "ಮಳೆ ಹಿಡಿಯೋಕೆ ಮುಂಚೆ ಸುಟ್ಟುಬಿಡಿ ಅಂದಿದ್ದಾರೆ."

ಶಾಂತವೀರಪ್ಪ ಕಣದ ಪಕ್ಕ ನಿಲ್ಲಿಸಿದ ಜೀಪಿನಲ್ಲಿ ಕೂತಿದ್ದ. ಅವಳು ಕೈಯಲ್ಲಿ ಒಂದು ಕ್ಯಾಸೆಟ್ ಹಿಡಿದುಕೊಂಡು ಬರುವುದನ್ನು ಕಂಡ, ಇಳಿಯಲಿಲ್ಲ. ಹತ್ತಿರ ಹೋದಾಗ ವಿಮಲಮ್ಮನಿಗೆ ಜೀಪಿನ ಟೇಪಿನಿಂದ ಬರುತ್ತಿದ್ದ ದನಿ ಕೇಳಿತು. ತನ್ನದೇ ದನಿ. ಅವನು ಆರಿಸಿದ.

"ನಲವತ್ತು ಸಲ ಕೇಳಿದ್ದೀನಿ" ಎಂದ. "ಹದಿನೈದು ದಿನದಿಂದ ತೋಟಕ್ಕೆ ಹೋಗ್ತಾ ಬರ್ತಾ ಇದೇ. ಒಂದೊಂದು ಅಕ್ಷರ ಬಾಯಿಪಾಠ ಆಗಿದೆ. ಕ್ಲಬ್ಬಲ್ಲಿ ಮುಖ ಎತ್ತೋ ಹಾಗಿಲ್ಲ. 'ಏನ್ ಮಾರಾಯ, ನಿಮ್ಮನೇಲಿ ನೀರು ಸಿಗುತ್ತಂತಲ್ಲ' ಅಂತಾರೆ, ಇಸ್ಪೀಟು ಕಲಸ್ತಾ."

ಆಮೇಲೆ ಅವನು ಹಾಡನ್ನು ಹೇಳಿದ. ಕಾಫಿ ಕ್ಯೂರಿಂಗ್ ವರ್ಕ್ಸಿನ ತೂಕದ ಚೀಟಿ ಓದುವ ದನಿಯಲ್ಲಿ, ಏರಿಳಿತವಿಲ್ಲದೆ, ಒಂದು ಪದ ತಪ್ಪದೆ. ಕಾಫಿ ಹೂವು ಬೆಳ್ಳಗಾದ ದಿನ ನೀ ಬಂದೆ. ನೆಂದ ತೋಳು ಒರೆಸದೆ ಜಗಲಿಯಲಿ ನಿಂದೆ. ಕೊನೆಯವರೆಗೆ ಹೇಳಿ ಸ್ಟೀರಿಂಗ್ ಗಟ್ಟಿ ಹಿಡಿದುಕೊಂಡು ಕೇಳಿದ.

"ಯಾರವನು?"

ಇಪ್ಪತ್ತೆರಡು ವರ್ಷಕ್ಕೆ ಅವನು ಅವಳನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಅವನ ಕಣ್ಣಿನಲ್ಲಿ ನಿದ್ದೆ ಇರಲಿಲ್ಲ. ಅವನ ಸಂಕಟ ಕಂಡು, ಆ ಹೊತ್ತಿನಲ್ಲೂ, ಅವಳಿಗೆ ಅವನ ಮೇಲೆ ಅಕ್ಕರೆ ಬಂತು.

"ನೀವೇ ರೀ" ಎಂದಳು. "ನನ್ನ ನೋಡೋಕೆ ಗೋಣಿಬೀಡಿಗೆ ಬಂದಿದ್ರಲ್ಲ, ಆ ದಿನ."

ಶಾಂತವೀರಪ್ಪ ಒಣಗಿದ ಕಾಫಿಯನ್ನು ಹಸಿ ಇದೆ ಎನ್ನುವ ವ್ಯಾಪಾರಿಯನ್ನು ನೋಡುವ ಹಾಗೆ ಅವಳನ್ನು ನೋಡಿದ.

"ನನ್ನ ಮಂಗ ಮಾಡ್ಬೇಡ ವಿಮಲಾ. ಆ ದಿನ ನಂಗೆ ಚೆನ್ನಾಗಿ ನೆನಪಿದೆ. ಅರಳಿದ ಹೂವಿನ ಮೇಲೆ ನಲವತ್ತು ಸೆಂಟ್ಸ್ ಬಿತ್ತು. ನಮ್ಮ ಕೆಳಗಿನ ತೋಟದ ರೊಬಸ್ಟಾ ಫಸಲು ಪೂರ್ತಿ ಹೋಯ್ತು. ನಿಮ್ಮಪ್ಪನ ಹತ್ರ ಅದೇ ಮಾತಾಡ್ತಾ ಕೂತಿದ್ದೆ. ನೀರೂ ಕೇಳಿಲ್ಲ, ಎಂಥದೂ ಕೇಳಿಲ್ಲ."

"ಕೇಳಿದ್ರಿ. ನಾನೇ ತಂದುಕೊಟ್ಟೆ."

"ಯಾರೋ ಕೆಲಸದೋಳು ಕೊಟ್ಟಿರ್ಬೇಕು. ಅದಕ್ಕೆಲ್ಲ ಹಾಡು ಕಟ್ತಾರಾ? ನನ್ನ ಮೇಲೆ? ನಾನೇನು ಅಂಥವನಾ? ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳು."

ಕಣದಲ್ಲಿ ಹಾಸಿದ್ದ ಕಾಳುಮೆಣಸನ್ನು ಮುತ್ತಮ್ಮ ಕಾಲಿನಿಂದ ಕೆದರುತ್ತಿದ್ದಳು. ವಿಮಲಮ್ಮ ಆ ಕಡೆ ತಿರುಗಿದಳು. ಇನ್ನೂ ವಾದಿಸಬಹುದಿತ್ತು. ಲೋಟ ಹಿತ್ತಾಳೆಯದು, ನಿಮ್ಮ ಅಂಗಿಗೆ ನೀಲಿ ಗೆರೆ ಇತ್ತು, ಎಡಗೈಯ ಗಡಿಯಾರದೊಳಗೆ ನೀರು ಹೋಗಿತ್ತು ಎಂದು ಒಂದೊಂದನ್ನೇ ಎದುರಿಗಿಟ್ಟು ಸಾಬೀತು ಮಾಡಬಹುದಿತ್ತು. ಆದರೆ ಗಂಡನನ್ನು ಪ್ರೀತಿಸುತ್ತೇನೆ ಎನ್ನುವುದಕ್ಕೆ ಸಾಕ್ಷಿ ಹುಡುಕಿ ತರಬೇಕಾದ ಆ ಸ್ಥಿತಿಗೆ ಅವಳಿಗೆ ಅಸಹ್ಯವಾಯಿತು. ಇಷ್ಟು ವರ್ಷ ಬೆಚ್ಚಗೆ ಕಾಪಾಡಿಕೊಂಡದ್ದು ಎದೆಯಲ್ಲಿ ತಣ್ಣಗಾಗಿದ್ದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ಸತ್ತು ಹೋದ್ರು" ಎಂದಳು.

"ಯಾರು?"

"ಅವ್ರೇ. ನಮ್ಮೂರ ಶಾಲೆಗೆ ಬಂದಿದ್ದ ಮೇಷ್ಟ್ರು. ಮದುವೆಗೆ ಮುಂಚೆ, ಒಂದೇ ಸಲ ನೋಡಿದ್ದು. ಅದೇ ಮಳೆಗಾಲ ಹೇಮಾವತಿ ದಾಟೋವಾಗ ಕೊಚ್ಚಿಕೊಂಡು ಹೋದ್ರು."

ಹೊಳೆಯ ಹೆಸರು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಶಾಂತವೀರಪ್ಪನ ಹೆಗಲು ಇಳಿಯಿತು. ಸ್ಟೀರಿಂಗ್ ಮೇಲಿನ ಬೆರಳು ಸಡಿಲವಾದವು.

"ಸತ್ನಾ?"

"ಹೂಂ."

"ಖಾತ್ರಿನಾ?"

"ಹೆಣ ನೋಡಿದೋರು ಇದ್ದಾರೆ."

"ಅದನ್ನ ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ!" ಅವನು ಉಸಿರು ಬಿಟ್ಟ. ಮುಖಕ್ಕೆ ಹಳೆಯ ಬಣ್ಣ ಬಂತು. ಸತ್ತವನ ಮೇಲಿನ ಹಾಡಾದರೆ ಕ್ಲಬ್ಬಿನಲ್ಲಿ ಯಾರೂ ನಗುವ ಹಾಗಿಲ್ಲ, ನಕ್ಕರೆ ನಕ್ಕವನಿಗೇ ಕೆಟ್ಟ ಹೆಸರು. ಅವನು ಅಷ್ಟನ್ನೂ ಯೋಚಿಸಿದ್ದು ಅವಳಿಗೆ ಅವನ ಹುಬ್ಬಿನಲ್ಲೇ ಕಂಡಿತು. ಜೀಪಿನಿಂದ ತಲೆ ಹೊರಗೆ ಹಾಕಿ ಕೂಗಿದ. "ಏಕಾಂತಪ್ಪಾ! ಆ ಮೂಟೆ ಸುಡೋದು ಬೇಡ. ಅಂಗಡಿಗಳಿಗೆ ವಾಪಸ್ ಕೊಟ್ಬಾ."

ಆಮೇಲೆ ಪಕ್ಕದ ಸೀಟಿನ ಮೇಲಿದ್ದ ಟವೆಲ್ಲು ತೆಗೆದು ಜಾಗ ಮಾಡಿದ.

"ಬಾ, ಇಲ್ಲಿ ಕೂತ್ಕೋ. ಟೇಪಲ್ಲಿ ಕೇಳಿ ಸಾಕಾಗಿದೆ. ಒಂದ್ಸಲ ಬಾಯಲ್ಲಿ ಹಾಡು, ಕೇಳೋಣ."

ವಿಮಲಮ್ಮ ಹತ್ತಿ ಕೂತಳು. ಹಾಡಿದಳು. ಶಾಂತವೀರಪ್ಪ ಸೀಟಿಗೆ ಒರಗಿ ಕಣ್ಣು ಮುಚ್ಚಿ ಕೇಳಿದ. ಮಧ್ಯದಲ್ಲಿ ಮೇಸ್ತ್ರಿ ಬಂದು ಏನೋ ಹೇಳಲು ಬಾಯಿ ತೆರೆದರೆ, ಆಮೇಲೆ ಎಂದು ಕೈ ಮಾಡಿ ಕಳಿಸಿದ. ಪಲ್ಲವಿ, ಎರಡು ಚರಣ, ಮತ್ತೆ ಪಲ್ಲವಿ, ಪೂರ್ತಿ ಮುಗಿಯುವ ತನಕ ಕದಲಲಿಲ್ಲ. ಮುಗಿದ ಮೇಲೆ ಕಣ್ಣು ಒರೆಸಿಕೊಂಡ.

"ಚೆನ್ನಾಗಿ ಹಾಡ್ತೀಯ ಕಣೇ, ನಂಗೆ ಗೊತ್ತೇ ಇರ್ಲಿಲ್ಲ" ಎಂದ. "ಪಾಪ, ಎಂಥ ಒಳ್ಳೆ ಮನುಷ್ಯ ಇದ್ದಿರ್ಬೇಕು."

"ಹೌದು" ಎಂದಳು ವಿಮಲಮ್ಮ. "ತುಂಬ ಒಳ್ಳೆಯವ್ರು."